ಸೈಲೆನ್ಸರ್ ಕೊಳವೆಗೆ ಪಟ್ಟಿ ಸುತ್ತಿದ್ದು

ನನ್ನ ಗಂಡನ ಬಲಗಾಲಿನ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದನ್ನು ಮೊದಲು ನೋಡಿದವಳು ನಾನು. ಅವರಿಗೆ ಗೊತ್ತೇ ಇರಲಿಲ್ಲ. ಕಾರಿನಲ್ಲಿ ತುರುವೇಕೆರೆಗೆ ಹೋಗಿ ಬಂದವರು ಜಗಲಿಯ ಮೇಲೆ ಕಾಲು ಚಾಚಿ ಕೂತು, ಕಾಫಿ ಕುಡಿಯುತ್ತಾ, ದಂಡಿನಶಿವರದ ನಂಟರ ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಲೋಟ ಎತ್ತಿಕೊಳ್ಳಲು ಬಗ್ಗಿದೆ ನೋಡಿ, ಹೆಬ್ಬೆರಳಿನ ಬುಡದಿಂದ ಅಂಗಾಲಿನ ನಡುವಿನವರೆಗೆ ಚರ್ಮ ಉಬ್ಬಿ ನೀರು ತುಂಬಿಕೊಂಡಿತ್ತು.

"ಅಯ್ಯೋ ಶಿವನೇ! ಏನ್ರೀ ಇದು ಕಾಲು?"

"ಏನಾಗೈತೆ?" ಎಂದು ಅವರು ಕಾಲು ಮಡಚಿ ನೋಡಿಕೊಂಡರು. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿಕೊಂಡರು.

ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಕಾಲು ಜೋಮು ಹಿಡಿದ ಹಾಗಿರುತ್ತದೆ ಎಂದು ಆಗಾಗ ಹೇಳುತ್ತಿದ್ದರು. ಹೇಳಿ ಮರೆಯುತ್ತಿದ್ದರು, ಕೇಳಿ ನಾನೂ ಮರೆಯುತ್ತಿದ್ದೆ. ಮಾರನೆಯ ದಿನ ತಿಪಟೂರಿನ ಡಾಕ್ಟರು ಅವರ ಕಣ್ಣು ಮುಚ್ಚಿಸಿ, ಪಾದದ ಮೇಲೆಲ್ಲ ಸೂಜಿಯ ಮೊನೆ ತಾಗಿಸುತ್ತಾ "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಎಂದು ಕೇಳಿದರು. ಪಾದ ಪೂರ್ತಿ ಸುಮ್ಮನಿತ್ತು. ಸೂಜಿ ಹರಡಿನ ಗಂಟು ದಾಟಿ ಮೇಲೆ ಬಂದಾಗ ಮಾತ್ರ "ಹಾ" ಎಂದು ಕಾಲೆಳೆದುಕೊಂಡರು. ದಿನಾ ಅಂಗಾಲು ನೋಡಿಕೊಳ್ಳಬೇಕು, ಬಿಸಿ ತಾಗಿಸಬಾರದು, ಗಾಯವಾದರೆ ಮಾಯುವುದು ಕಷ್ಟ ಎಂದರು ಡಾಕ್ಟರು. ಹೇಗೆ ಸುಟ್ಟಿತು ಎಂದು ಕೇಳಿದ್ದಕ್ಕೆ ಇವರು "ಬಿಸಿಲಲ್ಲಿ ಕೊಬ್ಬರಿ ಒಣಗಿಸೋ ಕಣದ ಮೇಲೆ ಓಡಾಡಿದ್ದೆ" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟರು. ಕಾರಿನ ಸುದ್ದಿ ತೆಗೆಯಲೇ ಇಲ್ಲ. ನಾನು ಅವರ ತೋಳು ಚಿವುಟಿದೆ. ಆ ಚಿವುಟು ಅವರಿಗೆ ಚೆನ್ನಾಗಿಯೇ ಗೊತ್ತಾಯಿತು.

ನಿಜಕ್ಕೂ ಕಾಲನ್ನು ಸುಟ್ಟಿದ್ದು ಕಾರು. ನಮ್ಮ ಮಾವನವರು ಕೊಬ್ಬರಿ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಯಾರಿಂದಲೋ ಕೊಂಡ ಗಾಡಿ. ಗುಂಡು ಬೆನ್ನು, ಸ್ಟೀರಿಂಗ್ ಪಕ್ಕದಲ್ಲಿ ಗೇರಿನ ಕಡ್ಡಿ, ಬಾಗಿಲು ಹಾಕಿದರೆ ಬೀದಿಗೆಲ್ಲ ಕೇಳಿಸುವ ಸದ್ದು. ಆಯುಧಪೂಜೆ ಮಾಡಿದ ಗಾಡಿಯ ಒಳಗೆ ಚಪ್ಪಲಿ ಕಾಲಿಡಬಾರದು ಎಂದು ಮಾವನವರು ಕಟ್ಟು ಮಾಡಿದ್ದರು. ಅವರು ಬರಿಗಾಲಲ್ಲಿ ಓಡಿಸಿದರು, ಮಗನೂ ಬರಿಗಾಲಲ್ಲೇ ಓಡಿಸಿದ. ಚಪ್ಪಲಿ ಹಾಕಿಕೊಳ್ಳಿ ಎಂದು ನಾನು ಜಗಳ ತೆಗೆದೆ. ಒಂದು ದಿನ ಹಾಕಿಕೊಂಡೇ ಹೊರಟರು. ದಾರಿಯಲ್ಲಿ ಚಪ್ಪಲಿ ಕಳಚಿ ಕ್ಲಚ್ಚಿನ ಕೆಳಗೆ ಸಿಕ್ಕಿಕೊಂಡಿದ್ದೂ ಅವರಿಗೆ ಗೊತ್ತಾಗಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಗಾಡಿ ಮೊದಲು ಇಷ್ಟು ಸುಡುತ್ತಿರಲಿಲ್ಲ. ಎಂಜಿನ್ನಿನಿಂದ ಹೊಗೆ ಹೊರಬರುವ ಜಾಗದಲ್ಲಿ ಎರಕದ ದಪ್ಪ ಕಬ್ಬಿಣವಿತ್ತು. ಅದು ಬಿರುಕು ಬಿಟ್ಟಿತು. ಅಂಥದ್ದು ಎಲ್ಲೂ ಸಿಗದೆ, ತಿಪಟೂರಿನ ಮೆಕ್ಯಾನಿಕ್ ನಾಲ್ಕು ಕೊಳವೆ ಬಗ್ಗಿಸಿ, ಕೊನೆಯಲ್ಲಿ ಒಂದು ಮಾಡಿ ಬೆಸುಗೆ ಹಾಕಿ, ಸೈಲೆನ್ಸರಿಗೆ ಸೇರಿಸಿಕೊಟ್ಟ. ಅದಕ್ಕೆ ಹೆಡರ್ ಎನ್ನುತ್ತಾರಂತೆ. ಗಾಡಿ ಗುಡುಗುಡು ಎಂದು ಚೆಂದವಾಗಿಯೇ ಓಡಿತು. ಆದರೆ ಆ ತೆಳು ಕೊಳವೆಗಳ ಕಾವು ತಗಡು ದಾಟಿ, ನೇರವಾಗಿ ಆಕ್ಸಿಲೇಟರ್ ಕಡೆಗೆ, ಓಡಿಸುವವರ ಬಲಗಾಲಿಗೇ ಬಡಿಯುತ್ತಿತ್ತು. ಕೆಳಗೆ ನಾರಿನ ಚಾಪೆ ಹಾಸಿದೆವು, ಅದು ಕಂದಿತು. ಒದ್ದೆ ಗೋಣಿ ಹಾಸಿದೆವು, ಅದು ಊರ ಬಾಗಿಲಿಗೆ ಬರುವಷ್ಟರಲ್ಲಿ ಒಣಗಿತು.

"ಮಾರಿಬುಡಣ್ಣ. ಕಾಲಿಗಿಂತ ಹೆಚ್ಚಾ ಗಾಡಿ?" ಎಂದ ನನ್ನ ಮೈದುನ. ಪಕ್ಕದ ಮನೆಯಲ್ಲೇ ಇರುವವನು, ಬಾಯಿ ಸ್ವಲ್ಪ ಜಾಸ್ತಿ.

ನನ್ನ ಗಂಡ ಎದ್ದು ತೋಟದ ಕಡೆ ಹೋದರು. ಹೋದ ರೀತಿ ನೋಡಿದೆ. ಸಕ್ಕರೆ ಕಾಯಿಲೆ ಅವರಿಂದ ಒಂದೊಂದನ್ನೇ ಕಿತ್ತುಕೊಂಡಿತ್ತು. ಅಟ್ಟ ಹತ್ತಿ, ಒಣಗಿತೇ ಎಂದು ಕೊಬ್ಬರಿ ಅಲುಗಾಡಿಸಿ ನೋಡುವುದು ಬಿಟ್ಟರು. ರಾತ್ರಿ ನೀರು ಕಟ್ಟಲು ಹೋಗುವುದು ಬಿಟ್ಟರು. ಹೋಳಿಗೆ ಬಿಟ್ಟರು, ಅದು ಸಣ್ಣ ಮಾತೇನಲ್ಲ. ಉಳಿದಿದ್ದು ಗಾಡಿ ಒಂದೇ. ಸ್ಟೀರಿಂಗ್ ಹಿಡಿದು ಕೂತಾಗ ಮಾತ್ರ ಅವರು ನಾನು ಮದುವೆಯಾದ ಗಂಡಸು. ನಮ್ಮೂರಿನ ಹೆಣ್ಣುಮಕ್ಕಳು ಮದುವೆಯ ಛತ್ರಕ್ಕೆ ಹೋಗುವುದು ಈ ಗಾಡಿಯಲ್ಲೇ, ಹೂವು ಸುತ್ತಿಸಿಕೊಂಡು. ಓಡಿಸುವುದು ಇವರೇ. ನನ್ನ ಮದುವೆಯಲ್ಲಂತೂ ಇವರೇ ಗಂಡು, ಇವರೇ ಡ್ರೈವರು. ಎದುರು ಮನೆಯ ಹುಡುಗಿಯ ಮದುವೆ ನಿಶ್ಚಯವಾಗಿತ್ತು, ತುರುವೇಕೆರೆಯ ಛತ್ರದಲ್ಲಿ. "ನಿನ್ನ ನಾನೇ ಕರ್ಕೊಂಡು ಹೋಯ್ತೀನಿ ಕಣವ್ವ" ಎಂದು ಅವಳಿಗೆ ಮಾತು ಕೊಟ್ಟಾಗಿತ್ತು.

ಗಾಡಿ ಮಾರುವ ಮಾತು ನನಗೆ ಕೆಂಡದಂಥ ಸಿಟ್ಟು ತರಿಸಿತು. ಬಿಸಿ ತಾನೇ ತೊಂದರೆ? ಬಿಸಿಯನ್ನು ನಿಲ್ಲಿಸಿದರಾಯಿತು. ಮನುಷ್ಯನನ್ನು ಯಾಕೆ ಇಳಿಸಬೇಕು?

ಫೋನಿನಲ್ಲಿ ಹುಡುಕಿದೆ. ಯಾವುದೋ ದೇಶದವನೊಬ್ಬ ಹಳೆಯ ಕಾರಿನ ಕೊಳವೆಗಳಿಗೆ ಕೈಕಾಲು ಮುರಿದವರಿಗೆ ಪಟ್ಟಿ ಕಟ್ಟುವ ಹಾಗೆ ಬಟ್ಟೆಯ ಪಟ್ಟಿ ಸುತ್ತುತ್ತಿದ್ದ. ಬಟ್ಟೆಯಲ್ಲ ಅದು, ಗಾಜಿನ ನಾರಿನಿಂದ ನೇಯ್ದದ್ದು ಎಂದು ಆಮೇಲೆ ತಿಳಿಯಿತು. ಕೊಳವೆಯ ಕಾವನ್ನು ಒಳಗೇ ಹಿಡಿದು ಹಿಂದಕ್ಕೆ ಸಾಗಿಸುತ್ತದೆ, ಹೊರಗೆ ಬಿಡುವುದಿಲ್ಲ. ಅವನ ಮಾತು ನನಗೆ ಅರ್ಥವಾಗಲಿಲ್ಲ, ಕೈ ಅರ್ಥವಾಯಿತು. ನನ್ನ ತವರು ಚಿಕ್ಕನಾಯಕನಹಳ್ಳಿ ಕಡೆ. ತೆಂಗಿನ ನಾರು ಹೊಸೆದು ಹಗ್ಗ ಮಾಡಿದ ಕೈ ಇದು. ಸುತ್ತುವುದನ್ನು ನನಗೆ ಹೇಳಿಕೊಡಬೇಕೇ? ಪಟ್ಟಿ ತರಿಸಿದೆ.

ಮೆಕ್ಯಾನಿಕ್ ಅದನ್ನು ನೋಡಿ ನಕ್ಕ. "ಇದೆಲ್ಲ ರೇಸ್ ಗಾಡಿಗೆ ಅಮ್ಮಾವ್ರೇ. ನಮ್ ಗಾಡಿಗ್ಯಾಕೆ? ಚುಚ್ತೈತೆ, ಕೆರಿತೈತೆ, ನನ್ ಕೈಲಾಗಲ್ಲ."

"ನೀನು ಆ ಹೆಡರ್ ಬಿಚ್ಚಿ ಕೊಡಪ್ಪ, ಸಾಕು. ಮಿಕ್ಕಿದ್ದು ನಾನು ನೋಡ್ಕೊತೀನಿ."

ಬಿಚ್ಚಿಕೊಟ್ಟ. ನಾನು ಅದನ್ನು ಜಗಲಿಯ ಮೇಲಿಟ್ಟುಕೊಂಡು ಕೂತೆ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ; ಪಟ್ಟಿ ಮುಟ್ಟಿದ ಕಡೆಯೆಲ್ಲ ಸಣ್ಣ ಮುಳ್ಳಿನ ಹಾಗೆ ಚುಚ್ಚಿತು. ಒರಟಾಗಿತ್ತು, ಬಗ್ಗುತ್ತಿರಲಿಲ್ಲ. ಆಗ ನಾನು ಮಾಡಿದ್ದನ್ನು ತೆಂಗಿನ ಸೀಮೆಯವರು ಬಿಟ್ಟು ಇನ್ಯಾರೂ ಮಾಡಲಾರರು. ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಡಬ್ಬ ತಂದೆ. ನಮ್ಮಲ್ಲಿ ಕೂದಲು ಗಂಟಾದರೆ ಕೊಬ್ಬರಿ ಎಣ್ಣೆ, ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಹಲಸಿನ ಅಂಟಿಗೆ ಕೊಬ್ಬರಿ ಎಣ್ಣೆ, ಹಗ್ಗ ಹೊಸೆದು ಉರಿಯುವ ಅಂಗೈಗೂ ಅದೇ. ಕೈಗೆ ಮೊಣಕೈವರೆಗೆ ಸವರಿಕೊಂಡೆ. ಪಟ್ಟಿಗೂ ಸವರಿದೆ. ಅಬ್ಬಾ, ಎಷ್ಟು ಮೆತ್ತಗೆ ಬಂತು! ಹೇಳಿದ ಮಾತು ಕೇಳಿಕೊಂಡು ಕೊಳವೆಗೆ ಅಂಟಿಕೊಂಡಿತು. ಮುಗಿದಾಗ ಎಣ್ಣೆ ಸ್ನಾನ ಮಾಡಿಸಿದ ಕೂಸಿನ ಹಾಗೆ ಮಿರಿಮಿರಿ ಹೊಳೆಯುತ್ತಿತ್ತು. ನನಗೋ ಜಂಬ.

ಮೆಕ್ಯಾನಿಕ್ ಬಂದು ಕೂರಿಸಿದ. ಎಣ್ಣೆಯ ವಾಸನೆ ಅವನಿಗೆ ಬಂದಿರಬೇಕು. ಆದರೆ ಅಡುಗೆಮನೆ ಪಕ್ಕದಲ್ಲೇ ಇತ್ತಲ್ಲ. ಇವರು ಗಾಡಿ ಶುರು ಮಾಡಿದರು. ಮೊದಲು ಹಪ್ಪಳ ಕರಿದ ವಾಸನೆ ಬಂತು. ಆಮೇಲೆ ಬಿಳಿ ಹೊಗೆ. ಬೀದಿ ಮುಚ್ಚುವಷ್ಟು ಹೊಗೆ, ಎದುರು ಮನೆಯವರು ಕಣ್ಣುಜ್ಜಿಕೊಂಡು ಹೊರಗೆ ಬಂದರು. ಬಾನೆಟ್ಟು ಎತ್ತುವಷ್ಟರಲ್ಲಿ ಭಗ್ ಎಂದು ಹತ್ತಿಕೊಂಡಿತು. ಮೆಕ್ಯಾನಿಕ್ "ನೀರ್ ಹಾಕ್ಬ್ಯಾಡ್ರೀ, ಮಣ್ಣು, ಮಣ್ಣು!" ಎಂದು ಕೂಗಿದ. ಗೋಡೆ ಕೆಲಸಕ್ಕೆ ತಂದಿದ್ದ ಮರಳನ್ನು ಬಾಣಲೆಯಲ್ಲಿ ಮೊಗೆದು ಮೊಗೆದು ಸುರಿದೆವು. ಬೆಂಕಿ ಆರಿತು. ಎರಡು ವೈರು, ಒಂದು ರಬ್ಬರ್ ಕೊಳವೆ ಬಿಟ್ಟರೆ ಇನ್ನೇನೂ ಹಾಳಾಗಲಿಲ್ಲ.

"ಅತ್ತಿಗೆ, ಬೋಂಡಾ ಕರಿಯೋಕೆ ಇಟ್ಟಿದ್ರಾ?" ಎಂದ ಮೈದುನ.

"ನಿನ್ನ ನಾಲಿಗೇನ ಕರಿತೀನಿ ಬಾರಲಾ ಇಲ್ಲಿ" ಎಂದೆ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಅಲ್ಲೇ ಅತ್ತೆ. ಅವಮಾನಕ್ಕಲ್ಲ. ಇವರು ಗಾಡಿಯಲ್ಲೇ ಕೂತಿದ್ದರಲ್ಲ, ಬೆಂಕಿ ಹತ್ತಿದಾಗ ಅವರ ಕಾಲು ಅಲ್ಲೇ ಇತ್ತಲ್ಲ, ನಾವು ಎಳೆಯುವವರೆಗೂ ಅವರಿಗೆ ಇಳಿಯಬೇಕು ಎನ್ನಿಸಲಿಲ್ಲವಲ್ಲ ಎಂದು ಅತ್ತೆ.

ಅತ್ತ ಮೇಲೆ ಹಟ ಇನ್ನೂ ಹೆಚ್ಚಾಯಿತು. ಇನ್ನೊಂದು ಸುರುಳಿ ತರಿಸಿದೆ. ಈ ಸಲ ಆ ವಿದೇಶದವನ ಕೈಯನ್ನು ಮೊದಲಿಂದ ಕೊನೆಯವರೆಗೆ, ಕಣ್ಣು ಕೀಳದೆ ನೋಡಿದೆ. ಪಕ್ಕದಲ್ಲಿದ್ದ ಬಕೆಟ್ಟಿನಲ್ಲಿ ಅವನು ಪಟ್ಟಿ ನೆನೆಸಿದ್ದು ಬರೀ ನೀರಿನಲ್ಲಿ. ಅಷ್ಟೇ. ನೀರು ಸಾಕಿತ್ತು. ನೀರು ಕುಡಿದರೆ ಅದು ಮೆತ್ತಗಾಗುತ್ತದೆ, ಧೂಳೂ ಏಳುವುದಿಲ್ಲ, ಒಣಗುತ್ತಾ ಬಿಗಿಯಾಗುತ್ತದೆ.

ಮೆಕ್ಯಾನಿಕ್ ಕೈಯಲ್ಲಿ ಹೆಡರ್ ಮತ್ತೆ ಬಿಚ್ಚಿಸಿ, ಸುಟ್ಟ ಪಟ್ಟಿ ಕಿತ್ತುಹಾಕಿ, ಎಣ್ಣೆ ಜಿಡ್ಡು ಹಿಡಿದ ಕೊಳವೆಗಳನ್ನು ಸೀಗೆಪುಡಿ ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದೆ. ಮೂಲೆ ಮೂಲೆಯ ಬೆಸುಗೆಯನ್ನೂ ಬಿಡಲಿಲ್ಲ. ಬೂದಿ ಹಾಕಿ ಮತ್ತೆ ಉಜ್ಜಿದೆ. ಕೊಬ್ಬರಿ ಒಣಗಿಸುವ ಕಣದಲ್ಲಿ ಬಿಸಿಲಿಗಿಟ್ಟೆ. ಇವರ ತುಂಬು ತೋಳಿನ ಅಂಗಿ ಹಾಕಿಕೊಂಡು, ಬಾಯಿ ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಪೆಟ್ಟಿ ಅಂಗಡಿಯಲ್ಲಿ ಸಿಕ್ಕಿದ ರಬ್ಬರ್ ಕೈಗವಸು ತೊಟ್ಟು ಕೂತೆ. ಹೆಡರ್ ಅಲುಗದ ಹಾಗೆ ಇವರು ಎರಡೂ ಕೈಯಿಂದ ಹಿಡಿದುಕೊಂಡರು. ನನ್ನ ವೇಷ ನೋಡಿ ನಕ್ಕರು. ನಗಲಿ ಎಂದು ಬಿಟ್ಟೆ.

ನೇರ ಕೊಳವೆ ಸುತ್ತುವುದು ಸುಲಭ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕಿರುಬೆರಳಿನ ಅಗಲ ಹತ್ತಿಕೊಂಡು ಬರಬೇಕು. ಬಗ್ಗಿದ ಜಾಗದಲ್ಲಿದೆ ಫಜೀತಿ. ಒಳಮಗ್ಗುಲಲ್ಲಿ ಪಟ್ಟಿ ಗುಡ್ಡೆ ಬೀಳುತ್ತದೆ, ಹೊರಮಗ್ಗುಲಲ್ಲಿ ಬಾಯಿ ಬಿಡುತ್ತದೆ. ಬಾಯಿ ಬಿಟ್ಟಲ್ಲಿ ಕಾವು ಹೊರಗೆ ಬರುತ್ತದೆ. ಬಿಚ್ಚಿದೆ. ಮತ್ತೆ ಸುತ್ತಿದೆ. ಮತ್ತೆ ಬಾಯಿ ಬಿಟ್ಟಿತು. ಮತ್ತೆ ಬಿಚ್ಚಿದೆ. ಎರಡು ಕೊಳವೆಗಳ ನಡುವೆ ಸುರುಳಿ ತೂರದ ಕಡೆ ಪಟ್ಟಿಯನ್ನು ತುಂಡು ಮಾಡಿ, ಕೊನೆಯನ್ನು ಒಳಗೆ ಮಡಚಿ, ಉಕ್ಕಿನ ಪಟ್ಟಿಯಿಂದ ಬಿಗಿದು, ಇಕ್ಕಳದಲ್ಲಿ ಎಳೆದೆ. ಸೊಂಟ ಬಿದ್ದುಹೋಯಿತು. ರಬ್ಬರ್ ಕೈಗವಸಿನೊಳಗೆ ಬೆವರು ತುಂಬಿಕೊಂಡಿತು.

"ಅಷ್ಟೊಂದು ಬಿಗಿ ಯಾಕೇ? ಸ್ವಲ್ಪ ಕಾವು ಇದ್ರೂ ಪರ್ವಾಗಿಲ್ಲ ಬುಡು" ಎಂದರು ಇವರು.

"ಏನ್ ಪರ್ವಾಗಿಲ್ಲ? ಕಾಲು ಕೊಳೆತ ಮೇಲೆ ನೋಡ್ಕೊಳ್ಳೋದು ಯಾರು, ನೀವಾ?"

"ಹಂಗಲ್ಲ ಕಣೇ. ಚೂರು ಇರ್ಲಿ ಅಂದೆ."

"ಚೂರೂ ಇರಬಾರದು. ಗಟ್ಟಿಯಾಗಿ ಹಿಡ್ಕೊಳ್ರೀ, ಅಲ್ಲಾಡ್ತೈತೆ."

ಗಟ್ಟಿಯಾಗಿ ಹಿಡಿದುಕೊಂಡರು. ಮುಸ್ಸಂಜೆಗೆ ಮುಂಚೆ ಮುಗಿಸಿದೆ. ಮೊದಲಿನ ಹಾಗೆ ಹೊಳೆಯುತ್ತಿರಲಿಲ್ಲ. ಒದ್ದೆಯಾಗಿ, ಕಂದು ಬಣ್ಣಕ್ಕೆ, ನೋಡಲು ಏನೇನೂ ಚೆನ್ನಾಗಿರಲಿಲ್ಲ. ಆದರೆ ಉಗುರು ತೂರುವಷ್ಟೂ ಸಂದಿ ಇರಲಿಲ್ಲ.

ಮೆಕ್ಯಾನಿಕ್ ಮತ್ತೆ ಬಂದು ಕೂರಿಸಿದ. ಹುಷಾರಿಗೆ ಮರಳಿನ ಬಾಣಲೆ ಪಕ್ಕದಲ್ಲೇ ಇಟ್ಟುಕೊಂಡಿದ್ದ, ಕಳ್ಳ. ಗಾಡಿ ಶುರುವಾಯಿತು. ಮೊದಲು ಆವಿ ಬಂತು, ತೆಳ್ಳಗೆ ಹೊಗೆ ಬಂತು, ಸ್ವಲ್ಪ ಹೊತ್ತಿಗೆ ನಿಂತಿತು. ಎಂಜಿನ್ನು ಕಾದ ಮೇಲೆ ನಾನು ಬಗ್ಗಿ ಆಕ್ಸಿಲೇಟರ್ ಪಕ್ಕದ ತಗಡಿಗೆ ಅಂಗೈ ಒತ್ತಿದೆ. ಬೆಚ್ಚಗಿತ್ತು. ಅಷ್ಟೇ, ಬೆಚ್ಚಗೆ! ಮಗುವಿನ ಕಾಲನ್ನು ಇಟ್ಟರೂ ಏನೂ ಆಗುತ್ತಿರಲಿಲ್ಲ. ಮೈದುನನ ಕೈ ಹಿಡಿದೆಳೆದು ಅಲ್ಲಿಡಿಸಿದೆ. ಅವನು "ಸರಿ ಅತ್ತಿಗೆ, ಸೋತೆ" ಎಂದ. ನನಗೆ ಆಕಾಶಕ್ಕೆ ಮೂರೇ ಗೇಣು.

ಇಬ್ಬರೇ ಒಂದು ಸುತ್ತು ಹೋಗಿಬರೋಣ ಎಂದು ಬಿಳಿಗೆರೆ ಕಡೆ ಹೊರಟೆವು. ಇವರು ಓಡಿಸುತ್ತಿದ್ದರು, ನಾನು ಎಡಗಡೆ ಕೂತಿದ್ದೆ. ಎರಡೂ ಬದಿ ತೆಂಗಿನ ತೋಟ, ಹದವಾದ ಬಿಸಿಲು, ಗಾಡಿಯ ಗುಡುಗುಡು. ಆದರೆ ನನ್ನ ಕಣ್ಣು ದಾರಿಯ ಮೇಲಿರಲಿಲ್ಲ. ಅವರ ಕಾಲಿನ ಹತ್ತಿರ ಹೊಗೆ ಗಿಗೆ ಬರುತ್ತದೋ ಎಂದು ಕೆಳಗೇ ನೋಡುತ್ತಿದ್ದೆ. ಅದಕ್ಕೇ ನನಗೆ ಕಂಡಿದ್ದು.

ಮುಂದೆ ಕಾಯಿ ತುಂಬಿದ ಟ್ರ್ಯಾಕ್ಟರ್ ತೋಟದ ದಾರಿಗೆ ತಿರುಗಲು ನಿಂತಿತು. ಇವರು ಬ್ರೇಕ್ ತುಳಿಯಲು ಕಾಲೆತ್ತಿದರು, ಎಡಕ್ಕೆ ಸರಿಸಿದರು. ಪೂರ್ತಿ ಸರಿಸಲಿಲ್ಲ. ಅರ್ಧ ಪಾದ ಆಕ್ಸಿಲೇಟರಿನ ಮೇಲೇ ಇತ್ತು. ಅದನ್ನೇ ತುಳಿದರು. ಗಾಡಿ ನಿಲ್ಲುವ ಬದಲು ಮುಂದಕ್ಕೆ ನುಗ್ಗಿತು. ಅವರು ಇನ್ನೂ ಜೋರಾಗಿ ತುಳಿದರು.

"ಕಾಲ್ ತೆಗೀರೀ! ಕಾಲು!" ಎಂದು ಚೀರಿದೆ.

ಅವರು ತಲೆ ಬಗ್ಗಿಸಿ ತಮ್ಮ ಕಾಲು ಎಲ್ಲಿದೆ ಎಂದು ಕಣ್ಣಲ್ಲಿ ಹುಡುಕಿದರು. ಸಿಕ್ಕಿತು. ಎತ್ತಿ ಬ್ರೇಕಿನ ಮೇಲೆ ಇಟ್ಟರು. ಗಾಡಿ ಕಿರ್‍ರೆಂದು ನಿಂತಾಗ ಟ್ರಾಲಿಯ ಹಿಂಬದಿಯ ಕಾಯಿಗಳು ಕೈಚಾಚಿದರೆ ಮುಟ್ಟುವ ಹಾಗಿದ್ದವು. ಅವುಗಳ ಮೇಲೆ ಕೂತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ, ಏನೂ ತಿಳಿಯದೆ, ನಕ್ಕಳು. ಟ್ರ್ಯಾಕ್ಟರ್ ತಿರುಗಿಕೊಂಡು ಹೋಯಿತು.

ಇವರು ಗಾಡಿಯನ್ನು ಪಕ್ಕಕ್ಕೆ ತೆಗೆದು ಎಂಜಿನ್ನು ಆರಿಸಿದರು.

"ಬ್ರೇಕ್ ಹಿಡೀಲಿಲ್ಲ. ಮೆಕ್ಯಾನಿಕ್‌ಗೆ ಹೇಳಬೇಕು" ಎಂದರು.

"ಬ್ರೇಕ್ ಸರಿಯಾಗೇ ಐತೆ ಕಣ್ರೀ" ಎಂದೆ.

ಅವರು ಬಗ್ಗಿ, ತಗಡಿನ ಮೇಲೆ ನಾನು ಇಟ್ಟ ಹಾಗೇ ಅಂಗೈ ಇಟ್ಟರು.

"ಇಷ್ಟು ದಿನ ಬಿಸಿ ನೋಡ್ಕೊಂಡು ಓಡಿಸ್ತಿದ್ದೆ ಕಣೇ. ಪಾದ ಏನೂ ಹೇಳಲ್ಲ. ಹರಡಿನ ಮ್ಯಾಲೆ ಗೊತ್ತಾಗ್ತೈತಲ್ಲ. ಮೀನಖಂಡಕ್ಕೆ ಬಿಸಿ ಬಡಿತಾ ಇದ್ರೆ ಆಕ್ಸಿಲೇಟರ್ ಮ್ಯಾಲಿದೀನಿ ಅಂತ. ಬಿಸಿ ಬಿಟ್ಟರೆ ಬ್ರೇಕಿಗೆ ಬಂದಿದೀನಿ ಅಂತ. ಈಗ ಎಲ್ಲಾ ಕಡೆನೂ ಒಂದೇ ಥರ ಐತೆ."

ಚೂರು ಇರಲಿ ಎಂದು ಅವರು ಯಾಕೆ ಹೇಳಿದರು ಎಂದು ಆಗ ತಿಳಿಯಿತು. ಅವರಿಗೆ ಉಳಿದಿದ್ದ ಒಂದೇ ಗುರುತನ್ನು ನಾನು ಕೂತು, ಬೆವರು ಸುರಿಸಿ, ಸಂದಿ ಬಿಡದೆ, ಸುತ್ತಿ ಮುಚ್ಚಿಬಿಟ್ಟಿದ್ದೆ. ನನಗೆ ದುಃಖ ಒತ್ತರಿಸಿಕೊಂಡು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಗೊತ್ತಿಲ್ಲ. ಆ ಕಾಯಿಲೆಯ ಮೇಲೆ ಇರಬೇಕು.

"ಬಿಚ್ಚಿ ಬಿಸಾಕ್ತೀನಿ" ಎಂದೆ. "ಮನೆಗೆ ಹೋಗಿದ್ದೇ ಬಿಚ್ತೀನಿ. ದಿನಾ ಕಾಲಿಗೆ ನಾನೇ ಔಷಧಿ ಹಚ್ತೀನಿ. ಸುಟ್ಟರೆ ಸುಡ್ಲಿ. ನೀವು ಓಡಿಸಿ."

ಹೇಳುವಾಗ ಅದು ನಿಜವಾಗಿಯೂ ನನ್ನ ಮನಸ್ಸಿನ ಮಾತೇ. ಅವರು ಗಾಡಿ ಓಡಿಸದೆ ಜಗಲಿಯಲ್ಲಿ ಕೂರುವುದನ್ನು ನೋಡುವುದಕ್ಕಿಂತ ಆ ಬೊಬ್ಬೆಯೇ ವಾಸಿ ಎನ್ನಿಸಿತ್ತು.

"ಬ್ಯಾಡ" ಎಂದರು. "ಮದುವೆ ಹೆಣ್ಣು ಕೂತ್ಕೊಳ್ಳೋ ಗಾಡಿ ಇದು."

ಬಾಗಿಲು ತೆಗೆದು ಇಳಿದರು. ಬಾನೆಟ್ಟಿನ ಮೇಲೆ ಕೈಯೂರಿಕೊಂಡು, ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದು ನಿಂತರು.

"ಸರ್ಕೋ ಆ ಕಡೆ."

ಕಾಯಿ ಸಾಗಿಸುವ ವ್ಯಾನನ್ನು ನಾನೇ ಓಡಿಸುತ್ತೇನೆ, ಲೈಸೆನ್ಸೂ ಇದೆ. ಆದರೆ ಈ ಗಾಡಿಯ ಸ್ಟೀರಿಂಗ್ ಮುಟ್ಟಲು ಅವರು ಯಾರನ್ನೂ ಬಿಟ್ಟವರಲ್ಲ, ತಮ್ಮನನ್ನೂ ಬಿಟ್ಟಿರಲಿಲ್ಲ. ನಾನು ಸರಿದು ಕೂತೆ. ಸೀಟು ಅವರ ಮೈಯ ಅಚ್ಚಿಗೆ ಹಳ್ಳ ಬಿದ್ದಿತ್ತು. ಗೇರಿನ ಕಡ್ಡಿ ಎಳೆದೆ, ಕರಕರ ಎಂದಿತು.

"ಹಂಗಲ್ಲ, ನಿನ್ ಕಡೆಗೆ ಎಳ್ಕೊಂಡು ಕೆಳಗೆ. ಅದೇನು ಒನಕೆ ಅಂದ್ಕೊಂಡ್ಯಾ? ಮೆಲ್ಲಗೆ."

ಗಾಡಿ ಎರಡು ಸಲ ಎಗರಿ ನಿಂತಿತು. ಮೂರನೆಯ ಸಲಕ್ಕೆ ಹೊರಟಿತು. ದಾರಿ ಉದ್ದಕ್ಕೂ ಬೈದರು. ಕ್ಲಚ್ ಮೇಲೆ ಕಾಲಿಡಬೇಡ, ಹಳ್ಳ ನೋಡು, ಹಾರನ್ ಹೊಡಿ, ಅಷ್ಟು ಗಟ್ಟಿಯಾಗಿ ಹಿಡೀಬೇಡ. ನಾನೂ ಬಿಡದೆ ಎದುರು ಮಾತಾಡಿದೆ. ಇಬ್ಬರಿಗೂ ಅಳು ಬರದ ಹಾಗೆ ನೋಡಿಕೊಳ್ಳಲು ಬೇರೆ ದಾರಿ ಇರಲಿಲ್ಲ.

ಎದುರು ಮನೆಯ ಹುಡುಗಿಯ ಮದುವೆಯ ಬೆಳಿಗ್ಗೆ ಗಾಡಿಗೆ ಹೂವು ಸುತ್ತಿದ್ದರು. ಮದುವಣಗಿತ್ತಿ ಅವರಮ್ಮನ ಜೊತೆ ಹಿಂದೆ ಕೂತಳು. ಬೀದಿಯವರೆಲ್ಲ ಇವರು ಬಲಗಡೆಯ ಬಾಗಿಲು ತೆಗೆಯುವುದನ್ನು ಕಾಯುತ್ತಾ ನಿಂತಿದ್ದರು. ಇವರು ತೆಗೆದರು. ತೆಗೆದು, ಪಕ್ಕಕ್ಕೆ ಸರಿದು, ನನ್ನ ಕಡೆ ನೋಡಿದರು. ಮೈದುನ ಏನೋ ಹೇಳಲು ಬಾಯಿ ತೆರೆದ, ನನ್ನ ಕಣ್ಣು ನೋಡಿ ಮುಚ್ಚಿಕೊಂಡ. ನಾನು ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಇವರು ಎಡಗಡೆ ಬಂದು ಕೂತು, ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆ ಕೈಗಳಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ತುರುವೇಕೆರೆ ರಸ್ತೆ ಹಿಡಿದ ಮೇಲೆ, ಎಂಜಿನ್ನು ಚೆನ್ನಾಗಿ ಕಾದ ಮೇಲೆ, ಅವರು ನನ್ನ ಕಡೆ ಬಾಗಿ, ಹಿಂದಿನವರಿಗೆ ಕೇಳದ ಹಾಗೆ ಕೇಳಿದರು:

"ಕಾಲು ಸುಡ್ತೈತಾ?"

"ಇಲ್ಲ ಕಣ್ರೀ."

"ಏನೂ ಇಲ್ವಾ?"

"ಏನೂ ಇಲ್ಲ."

"ಹಂಗಾದ್ರೆ ಚೆನ್ನಾಗಿ ಸುತ್ತಿದೀಯ ಬುಡು" ಎಂದು ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.